ಬದಕಿಗೆ ಯಾವ ನಂಬರಿನ ಛರ್ರಾ?

ಚಳಿ ಹತ್ತಿ ಹಿಂಗಾರಿ ಜೋಳ ಮೊಳಕಾಲೆತ್ತರ ಬಂತೆಂದರೆ ಸೋಲಾಪುರ ಪಕ್ಕದ ಹಿಪ್ಪರಗಾ ಕೆರೆಗೂ ಅಕ್ಕಲಕೋಟ ತಾಲೂಕಿನ ಕುರನೂರ ಧರಣಕ್ಕೂ ದೂರದ ಪಾಹುಣೇರು ಬಂದಿಳಿಯುತ್ತಾರೆ. ತಲೆಯ ಮೇಲೆ ಎರಡು ಕರಿ ಪಟ್ಟೆ ಹೊತ್ತ ಹೆಬ್ಬಾತು, ಮರಾಠಿಯಲ್ಲಿ ಪಟ್ಟಕಾದಂಬ. ಅದರ ಹಿಂದೆ ಚಕ್ರವಾಕ, ಇನ್ನೂ ನಾಲ್ಕಾರು ಜಾತಿಯ ಬಾತುಕೋಳಿ. ಹಕ್ಕಿ ಬಂದ ಎಂಟು ದಿನಕ್ಕೆ ಚಹಾದಂಗಡಿಯ ಬಾಕಿನ ಮೇಲೆ ಒಂದು ಪ್ರಶ್ನೆಯೂ ಬಂದು ಕೂಡುತ್ತದೆ. "ಕಾಕಾ, ಬದಕಿಗೆ ಯಾವ ನಂಬರಿನ ಛರ್ರಾ ನಡೀತದ? ಹೆಬ್ಬಾತಿಗೆ ಅದಕ್ಕಿಂತ ದೊಡ್ಡದ ಬೇಕಾಗ್ತದೇನ್ರಿ?"

ಕಾಯದೆಯ ಉತ್ತರ ಒಂದೇ ಸಾಲಿನದು: ಯಾವ ನಂಬರೂ ನಡೆಯುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯದೆ ಬಂದ ಮೇಲೂ ಕೆಲವು ಹಕ್ಕಿಗಳ ಬೇಟೆಗೆ ಲೈಸೆನ್ಸಿನ ದಾರಿ ಉಳಿದಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. 2022ರ ತಿದ್ದುಪಡಿಯ ನಂತರ ಸಾಮಾನ್ಯ ಉಲ್ಲಂಘನೆಗೇ ಮೂರು ವರ್ಷದವರೆಗೆ ಜೈಲು, ಇಲ್ಲವೆ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಬೆಳೆ ಕಾಯಲು ಕೊಟ್ಟ ಬಂದೂಕಿನ ಲೈಸೆನ್ಸು ಬೇಟೆಯ ಲೈಸೆನ್ಸಲ್ಲ. ಇದು ಬಂದೂಕು ಇಟ್ಟುಕೊಂಡ ಬಹಳ ಮಂದಿಗೆ ಗೊತ್ತಿದೆ, ಗೊತ್ತಿಲ್ಲದವರಂತೆ ಮಾತಾಡುತ್ತಾರೆ ಅಷ್ಟೇ.

ಆದರೆ ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟರೆ ಅರ್ಧ ಮಾತು ಆದಂತೆ. ಬಾತಿನ ಬೇಟೆ ಇಂದಿಗೂ ಕಾಯದೆಬದ್ಧವಾಗಿರುವ ದೇಶಗಳಲ್ಲಿ ಇದೇ ಪ್ರಶ್ನೆಯನ್ನು ಬೇಟೆಗಾರರೇ ದಶಕಗಟ್ಟಲೆ ಚರ್ಚಿಸಿದ್ದಾರೆ. ಅಲ್ಲಿ ಬದಲಾದದ್ದು ಛರ್ರೆಯ ನಂಬರೊಂದೇ ಅಲ್ಲ, ಅದರ ಲೋಹವೇ ಬದಲಾಯಿತು. ಯಾಕೆ ಅನ್ನುವುದು ನಮ್ಮ ಕೆರೆ ದಂಡೆಯವರಿಗೂ ಬೇಕಾದ ಸಂಗತಿ.

12 ಬೋರಿನ ಕಾರ್ತೂಸಿನ ಲೆಕ್ಕ ಸರಳ. ಹಳೆಯ ಇಂಗ್ಲಿಷ್ ಪದ್ಧತಿಯಂತೆ 28 ಗ್ರಾಂ ಸೀಸದಲ್ಲಿ 6ನೇ ನಂಬರಿನ ಛರ್ರೆ ಸುಮಾರು 270 ಬರುತ್ತವೆ, 4ನೇ ನಂಬರಿನವು ಸುಮಾರು 170. ನಂಬರು ಇಳಿದಷ್ಟೂ ಕಾಳು ದಪ್ಪ. ಹಿಂದಿನವರು ಬಾತಿಗೆ 4 ಅಥವಾ 6, ಹೆಬ್ಬಾತಿಗೆ 1 ಅಥವಾ ಬಿಬಿ ಅನ್ನುತ್ತಿದ್ದರು. ಈಗ ಇದರ ಜಮಾ-ಖರ್ಚು ತೆಗೆಯಿರಿ. ಹಕ್ಕಿ ಬಿದ್ದರೂ ಅದರ ಮೈಗೆ ಹೊಕ್ಕಿದ್ದು ಐದೋ ಆರೋ ಛರ್ರೆ. ಉಳಿದ ನೂರರವತ್ತು ಎಲ್ಲಿ ಹೋದವು? ನೀರಿಗೆ, ಕೆಸರಿಗೆ. ಗುರಿ ತಪ್ಪಿದ್ದರೆ ಪೂರಾ 170ಕ್ಕೆ 170 ಕೆರೆಯ ಖಾತೆಗೇ ಜಮೆ. ಸೀಸ ಬೇಗ ಕರಗುವ ವಸ್ತು ಅಲ್ಲ. ಅಪ್ಪ ಹಾರಿಸಿದ ಛರ್ರೆ ಮಗನ ಕಾಲಕ್ಕೂ ಆ ಕೆಸರಿನಲ್ಲೇ ಇರುತ್ತದೆ.

ಹಕ್ಕಿಗೆ ಹಲ್ಲಿಲ್ಲ. ಕಾಳು ಅರೆಯಲು ಸಣ್ಣ ಹರಳು ನುಂಗಿ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ, ಮನೆಯ ಕೋಳಿ ಕೊಯ್ದವರು ಇದನ್ನು ನೋಡೇ ಇರುತ್ತಾರೆ. ಕೆಸರಿನಲ್ಲಿ ಕೊಕ್ಕಾಡಿಸುವ ಬಾತಿಗೆ ಹರಳು ಯಾವುದು, ಛರ್ರೆ ಯಾವುದು ತಿಳಿಯುವುದಿಲ್ಲ. ನುಂಗಿದ ಸೀಸ ಹೊಟ್ಟೆಯೊಳಗೆ ತೇಯುತ್ತದೆ, ಆಮ್ಲದಲ್ಲಿ ಕರಗಿ ರಕ್ತಕ್ಕೆ ಸೇರುತ್ತದೆ. ಒಂದೆರಡು ಛರ್ರೆಯೇ ಒಂದು ಬಾತನ್ನು ಕೊಲ್ಲಬಲ್ಲವು. ರೆಕ್ಕೆ ಜೋತು ಬೀಳುತ್ತವೆ, ಹಿಕ್ಕೆ ಹಸಿರಾಗುತ್ತದೆ, ತಿಂದದ್ದು ಮುಂದೆ ಸಾಗುವುದಿಲ್ಲ, ಎರಡು ಮೂರು ವಾರದಲ್ಲಿ ಒಣಗಿ ಸಾಯುತ್ತದೆ. ಗುಂಡು ತಾಗದ ಹಕ್ಕಿಯೂ ಗುಂಡಿನಿಂದಲೇ ಸತ್ತಂತಾಯಿತು. ಸತ್ತದ್ದನ್ನು ತಿಂದ ಹದ್ದಿಗೂ ಅದೇ ಗತಿ.

ಅಮೆರಿಕದಲ್ಲಿ ಫ್ರಾಂಕ್ ಬೆಲ್‌ರೋಸ್ ಎಂಬ ಪಕ್ಷಿತಜ್ಞರು 1959ರಲ್ಲಿಯೇ ಹೇಳಿದ್ದರು, ಅಲ್ಲಿನ ನೀರುಹಕ್ಕಿಗಳಲ್ಲಿ ನೂರಕ್ಕೆ ಎರಡು ಮೂರು ಪ್ರತಿವರ್ಷ ಸೀಸದ ವಿಷದಿಂದಲೇ ಸಾಯುತ್ತವೆಂದು. ಆ ಮಾತು ಕಾಯದೆಯಾಗಲು ಮೂವತ್ತು ವರ್ಷ ಹಿಡಿಯಿತು. ಬೇಟೆಗಾರರ ವಿರೋಧ ಸಣ್ಣದಿರಲಿಲ್ಲ. ಕೊನೆಗೆ 1991ರಲ್ಲಿ ಬಾತು, ಹೆಬ್ಬಾತಿನ ಬೇಟೆಗೆ ಸೀಸದ ಛರ್ರೆ ದೇಶಾದ್ಯಂತ ಬಂದ್ ಆಯಿತು. ಡೆನ್ಮಾರ್ಕ್ 1996ರಲ್ಲಿ ಸೀಸದ ಛರ್ರೆಯನ್ನು ಪೂರ್ತಿ ನಿಲ್ಲಿಸಿತು. ಯುರೋಪಿಯನ್ ಒಕ್ಕೂಟದಲ್ಲಿ 2023ರ ಫೆಬ್ರುವರಿಯಿಂದ ಜೌಗುಪ್ರದೇಶದ ನೂರು ಮೀಟರಿನೊಳಗೆ ಅದನ್ನು ಹಾರಿಸುವಂತಿಲ್ಲ. ಫಲ ಸಿಕ್ಕಿತೇ ಅಂದರೆ, ಸಿಕ್ಕಿತು. ಮಿಸಿಸಿಪ್ಪಿ ಹಾರುದಾರಿಯ ಬಾತುಗಳ ಹೊಟ್ಟೆ ತೆರೆದು ನೋಡಿದ ಅಧ್ಯಯನವೊಂದು, ಮಲ್ಲಾರ್ಡ್ ಬಾತುಗಳಲ್ಲಿ ಸೀಸದ ಸಾವು 64 ಶೇಕಡಾ ತಗ್ಗಿದೆಯೆಂದು 2000ದಲ್ಲಿ ಅಂದಾಜು ಕಟ್ಟಿತು.

ಸೀಸದ ಬದಲು ಬಂದದ್ದು ಉಕ್ಕಿನ ಛರ್ರೆ. ಹೆಸರಿಗೆ ಉಕ್ಕು, ಅಸಲಿಗೆ ಮೆದು ಕಬ್ಬಿಣ. ಒಂದು ಘನ ಸೆಂಟಿಮೀಟರಿಗೆ ಸೀಸ 11.3 ಗ್ರಾಂ ತೂಗಿದರೆ ಇದು 7.8. ಹಗುರಾದ್ದರಿಂದ ದಾರಿಯಲ್ಲೇ ಜೋರು ಕಳೆದುಕೊಳ್ಳುತ್ತದೆ. ಅದಕ್ಕೇ ಸೀಸಕ್ಕಿಂತ ಎರಡು ನಂಬರು ದಪ್ಪದ್ದು ಹಾಕಬೇಕು, ವೇಗ ಹೆಚ್ಚು ಬೇಕು, ಹಕ್ಕಿಯನ್ನು ಹತ್ತಿರ ಬರಗೊಡಬೇಕು ಅಂತ ಅಲ್ಲಿಯವರು ಕಲಿತರು. ಗಟ್ಟಿ ಲೋಹವಾದ್ದರಿಂದ ಬಾಯಿ ಬಿಗಿಯಾದ ಹಳೆಯ ನಳಿಗೆಗೆ ಅಪಾಯ, ನಳಿಗೆಯೇ ಕೆಡಬಹುದು. ಬಿಸ್ಮತ್, ಟಂಗ್‌ಸ್ಟನ್ ಛರ್ರೆ ಸಹ ಇವೆ. ಹಳೆಯ ಬಂದೂಕಿಗೆ ಬಿಸ್ಮತ್ ಒಗ್ಗುತ್ತದೆ, ಆದರೆ ಕಿಸೆಗೆ ಭಾರ. ಇಷ್ಟೆಲ್ಲ ತಾಪತ್ರಯ ಅವರು ಒಪ್ಪಿಕೊಂಡದ್ದು ಹಕ್ಕಿ ಮೇಲಿನ ಮಮತೆಯಿಂದಲೇ ಎನ್ನಬೇಕಾಗಿಲ್ಲ. ಹಕ್ಕಿ ಉಳಿಯದಿದ್ದರೆ ಮುಂದಿನ ವರ್ಷ ಬೇಟೆಯೂ ಇಲ್ಲ ಎಂಬ ಲೆಕ್ಕವೂ ಅದರಲ್ಲಿತ್ತು.

ನಮ್ಮಲ್ಲೂ ಸೀಸದ ಮಳೆ ಸುರಿದ ಕೆರೆಗಳಿವೆ. ಭರತಪುರದಲ್ಲಿ 1938ರ ನವೆಂಬರ್ 12ರಂದು ವೈಸ್‌ರಾಯ್ ಲಿನ್‌ಲಿತ್‌ಗೋ ಅವರ ಬೇಟೆಯ ತಂಡ ಒಂದೇ ದಿನ 4,273 ಹಕ್ಕಿ ಹೊಡೆಯಿತು. ಆ ದಿನ ಎಷ್ಟು ಛರ್ರೆ ನೀರಿಗೆ ಬಿದ್ದಿರಬೇಕು, ಮೇಲಿನ ಲೆಕ್ಕದಿಂದ ಓದುಗರೇ ಗುಣಿಸಿ ನೋಡಬಹುದು. ನಮ್ಮ ಕೆರೆಗಳ ಪಾಲು ಅದರ ಮುಂದೆ ಸಣ್ಣದೇ. ಆದರೂ ಕದ್ದು ಹಾರಿಸುವ ಕೈ ಇರುವತನಕ ಅದು ಸೊನ್ನೆ ಅಲ್ಲ. ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡುಗಳೂ ಹರಿದು ಅದೇ ಕೆಸರಿಗೆ ಬೀಳುತ್ತವೆ. ಗಾಳದ ಸಣ್ಣ ಸೀಸ ನುಂಗಿ ಹಂಸಗಳು ಸಾಯುತ್ತಿವೆಯೆಂದು ಬ್ರಿಟನ್ 1987ರಲ್ಲಿ ಅದರ ಮಾರಾಟ ನಿಲ್ಲಿಸಿತ್ತು.

ಇನ್ನು ಕದ್ದು ಹೊಡೆದ ಬದಕಿನ ಸಾರು ಮನೆಗೆ ಬಂದರೆ ಛರ್ರೆ ಹಲ್ಲಿಗೆ ಸಿಕ್ಕಾಗ ಉಗುಳಿದರೆ ಮುಗೀತು ಅಂತಾರೆ. ಮುಗಿಯುವುದಿಲ್ಲ. ಮಾಂಸದೊಳಗೆ ಹೊಕ್ಕಾಗ ಸೀಸ ಕಣ್ಣಿಗೆ ಕಾಣದ ಚೂರಾಗಿ ಉಳಿಯುತ್ತದೆ. ಮಕ್ಕಳ ಮೈಗೆ ಇಷ್ಟು ಸೀಸ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ರೈತನ ಮಾತನ್ನೂ ಕೇಳಬೇಕು. ಹೆಬ್ಬಾತು ರಾತ್ರಿ ಹೊಲಕ್ಕೆ ಇಳಿಯುತ್ತದೆ. ಎಳೆ ಪೈರು, ಕಡಲೆ, ಶೇಂಗಾ ಮೇಯುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಯ ಸುತ್ತಿನವರಿಗೂ ಈ ಸಂಕಟ ಹೊಸದಲ್ಲ. ಆದರೂ ಆ ಊರಿನವರು ಹಕ್ಕಿಯನ್ನು ಉಳಿಸಿಕೊಂಡರು, ಕೆರೆಗೆ 2024ರಲ್ಲಿ ರಾಮ್‌ಸಾರ್ ಮಾನ್ಯತೆ ಬಂತು. ಮಂಗೋಲಿಯದಲ್ಲಿ ಕೊರಳಪಟ್ಟಿ ಕಟ್ಟಿಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಹಿಮಾಲಯ ದಾಟಿ ಬರುವ ಹಕ್ಕಿಗೆ ಸರಹದ್ದು ಗೊತ್ತಿಲ್ಲ, ಬೆಳೆ ಕಳೆದುಕೊಂಡವನ ನಷ್ಟಕ್ಕೂ ಸರಹದ್ದು ಇರಬಾರದು. ಕಾಡುಹಂದಿ, ಜಿಂಕೆ ಮೇಯ್ದರೆ ಪಂಚನಾಮೆ ಮಾಡಿಸುವ ವನ ವಿಭಾಗ, ಕೆರೆ ದಂಡೆಯ ಹೊಲದಲ್ಲಿ ಹೆಬ್ಬಾತು ಮೇಯ್ದಾಗಲೂ ತಲಾಠಿಯನ್ನು ಕರೆದುಕೊಂಡು ಬಂದು ನೋಡಬೇಕು. ಬರೀ "ಗುಂಡು ಹಾರಿಸಬೇಡ" ಎಂದು ಫಲಕ ನೆಟ್ಟು ಹೋದರೆ ರೈತ ಒಪ್ಪಲಾರ.

ಇದರ ಜೊತೆಗೆ ಮಾಡಬಹುದಾದ ಕೆಲಸ ದೊಡ್ಡದೇನೂ ಅಲ್ಲ. ಕಾರ್ತೂಸು ಮಾರಿದ ಲೆಕ್ಕ ಅಂಗಡಿಯ ರಜಿಸ್ಟರಿನಲ್ಲಿ ಇರುತ್ತದೆ, ಕೊಳ್ಳುವ ಮಿತಿ ಲೈಸೆನ್ಸಿನ ಮೇಲೆ ಬರೆದಿರುತ್ತದೆ. ನವೆಂಬರದಿಂದ ಮಾರ್ಚವರೆಗೆ ಈ ಎರಡನ್ನೂ ಪೊಲೀಸರು ತಾಳೆ ನೋಡಲಿ. ಕೆರೆ ದಂಡೆಯಲ್ಲಿ ಸತ್ತ ಬಾತು ಸಿಕ್ಕರೆ ಹೂಳುವ ಮೊದಲು ಪಶುವೈದ್ಯರಿಂದ ಹೊಟ್ಟೆ ತೆರೆಸಿ, ಛರ್ರೆ ಇದೆಯೋ ಇಲ್ಲವೋ ಬರೆದಿಡಲಿ. ಬೇಸಿಗೆಯಲ್ಲಿ ನೀರು ಇಳಿದಾಗ ಹಿಪ್ಪರಗಾ, ಕುರನೂರ ದಂಡೆಯ ಕೆಸರನ್ನು ನಾಲ್ಕು ಬುಟ್ಟಿ ಜರಡಿ ಹಿಡಿಯಲು ಕಾಲೇಜಿನ ಹುಡುಗರೇ ಸಾಕು.