ತನ್ನದೇ ತೀರ್ಪನ್ನು ಕೋರ್ಟ್ ಯಾವಾಗ ತಿದ್ದಬಹುದು?

ಭೂಷಣ್ ಪವರ್ ಆ್ಯಂಡ್ ಸ್ಟೀಲ್ ಕಂಪನಿಯನ್ನು ಮುಚ್ಚಿ ಆಸ್ತಿ ಮಾರುವಂತೆ 2025ರ ಮೇ 2ರಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿತ್ತು. ಮೂರು ತಿಂಗಳು ತುಂಬುವ ಮೊದಲೇ, ಜುಲೈ 31ರಂದು, ಅದೇ ಕೋರ್ಟ್ ಆ ತೀರ್ಪನ್ನು ಹಿಂಪಡೆಯಿತು. ಮರುವಿಚಾರಣೆಯ ಬಳಿಕ ಸೆಪ್ಟೆಂಬರ್ 26ರಂದು ಜೆಎಸ್‌ಡಬ್ಲ್ಯು ಸ್ಟೀಲ್‌ನ ಯೋಜನೆಯನ್ನು ಎತ್ತಿಹಿಡಿಯಿತು. ಹಾಗಾದರೆ ಸೋತವರಿಗೆಲ್ಲ ಇನ್ನೊಂದು ಅವಕಾಶವಿದೆಯೇ?

ಕಾನೂನು ಅಷ್ಟು ಉದಾರವಾಗಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 114 ಮತ್ತು ಆದೇಶ 47 ಮರುಪರಿಶೀಲನೆಗೆ ಮೂರು ಕಾರಣಗಳನ್ನಷ್ಟೇ ಒಪ್ಪುತ್ತವೆ. ಎಷ್ಟು ಪ್ರಯತ್ನಿಸಿದರೂ ಮೊದಲು ಸಿಗದಿದ್ದ ಮಹತ್ವದ ಸಾಕ್ಷ್ಯ ಈಗ ಸಿಕ್ಕಿರಬೇಕು. ಇಲ್ಲವೇ ಕಡತ ನೋಡಿದೊಡನೆ ಕಾಣುವ ತಪ್ಪಿರಬೇಕು. ಅಥವಾ ಇವಕ್ಕೆ ಸಮನಾದ ಬೇರೆ ಕಾರಣವಿರಬೇಕು. ಸುಪ್ರೀಂ ಕೋರ್ಟ್‌ಗೆ ಈ ಅಧಿಕಾರ ಬಂದಿರುವುದು ಸಂವಿಧಾನದ 137ನೇ ವಿಧಿಯಿಂದ. ಸಿವಿಲ್ ಪ್ರಕರಣಗಳಲ್ಲಿ ಅಲ್ಲಿಯೂ ಇದೇ ಮಾನದಂಡ.

ಊರಿನ ಜಮೀನಿನ ದಾವೆಯೊಂದನ್ನೇ ತೆಗೆದುಕೊಳ್ಳಿ. ಕಡತದಲ್ಲಿದ್ದ ನೋಂದಾಯಿತ ಕ್ರಯಪತ್ರವನ್ನು ನ್ಯಾಯಾಧೀಶರು ಗಮನಿಸದೇ ತೀರ್ಪು ಕೊಟ್ಟಿದ್ದರೆ ಮರುಪರಿಶೀಲನೆ ಕೇಳಬಹುದು. ಕ್ರಯಪತ್ರವನ್ನು ನೋಡಿಯೂ ನಂಬದಿದ್ದರೆ ಅದಕ್ಕೆ ಮೇಲ್ಮನವಿಯೇ ದಾರಿ. ಅರ್ಜಿ ಹಾಕಲು ಸಿಗುವುದು 30 ದಿನ. ಸಾಧ್ಯವಾದಷ್ಟು ಮಟ್ಟಿಗೆ ತೀರ್ಪು ಕೊಟ್ಟ ನ್ಯಾಯಾಧೀಶರೇ ಅದನ್ನು ಕೇಳುತ್ತಾರೆ. ಅರ್ಜಿ ವಜಾ ಆದರೆ ಆ ಆದೇಶದ ವಿರುದ್ಧ ಮೇಲ್ಮನವಿ ಇಲ್ಲ, ಎರಡನೇ ಮರುಪರಿಶೀಲನೆಯೂ ಇಲ್ಲ.

ಈ ಬಿಗಿಗೆ ಅರ್ಥವಿದೆ. ವ್ಯಾಜ್ಯಕ್ಕೆ ಕೊನೆಯೇ ಇಲ್ಲದಿದ್ದರೆ ಗೆದ್ದವರಿಗೂ ಗೆಲುವು ದಕ್ಕುವುದಿಲ್ಲ. ಆದರೆ ಬಿಗಿ ಅತಿಯಾದರೆ ಏನಾಗಬಹುದು ಎಂಬುದಕ್ಕೆ ದೆಹಲಿ ಮೆಟ್ರೋ ಪ್ರಕರಣವೇ ಸಾಕ್ಷಿ. ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮಾರ್ಗದ ವಿವಾದದಲ್ಲಿ ಮೆಟ್ರೋ ನಿಗಮ ಸಾವಿರಾರು ಕೋಟಿ ರೂಪಾಯಿ ಕೊಡಬೇಕೆಂಬ ಮಧ್ಯಸ್ಥಿಕೆ ಆದೇಶವನ್ನು 2021ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. ನವೆಂಬರ್‌ನಲ್ಲಿ ಮರುಪರಿಶೀಲನಾ ಅರ್ಜಿಯೂ ವಜಾ ಆಯಿತು. ಕೊನೆಗೆ 2024ರ ಏಪ್ರಿಲ್ 10ರಂದು, ಮೂವರು ನ್ಯಾಯಮೂರ್ತಿಗಳ ಪೀಠ ಕ್ಯುರೇಟಿವ್ ಅರ್ಜಿಯನ್ನು ಪುರಸ್ಕರಿಸಿ, 2021ರ ತೀರ್ಪಿನಿಂದ ಗಂಭೀರ ಅನ್ಯಾಯವಾಗಿದೆ ಎಂದು ಹೇಳಿತು. ಮರುಪರಿಶೀಲನೆಯಲ್ಲಿ ಕಾಣದ ತಪ್ಪು ಎರಡೂವರೆ ವರ್ಷಗಳ ನಂತರ ಕಂಡಿತು.

ಕ್ಯುರೇಟಿವ್ ಅರ್ಜಿ ಎಂಬುದು 2002ರ ರೂಪಾ ಅಶೋಕ್ ಹುರ್ರಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ತಾನೇ ರೂಪಿಸಿಕೊಂಡ ಕಟ್ಟಕಡೆಯ ದಾರಿ. ಅದು ಇರುವುದು ಆ ಒಂದು ಕೋರ್ಟ್‌ನಲ್ಲಿ ಮಾತ್ರ. ಅಲ್ಲಿಯವರೆಗೆ ಹೋರಾಡುವ ಶಕ್ತಿ ಮೆಟ್ರೋ ನಿಗಮಕ್ಕಿತ್ತು, ಸಾಮಾನ್ಯ ಕಕ್ಷಿದಾರನಿಗಿಲ್ಲ.

ಸುಪ್ರೀಂ ಕೋರ್ಟ್‌ನಲ್ಲಿ ಮರುಪರಿಶೀಲನಾ ಅರ್ಜಿಗಳು ಸಾಮಾನ್ಯವಾಗಿ ವಕೀಲರ ವಾದವಿಲ್ಲದೆ, ನ್ಯಾಯಮೂರ್ತಿಗಳ ಕೊಠಡಿಯಲ್ಲೇ ಇತ್ಯರ್ಥವಾಗುತ್ತವೆ. ಅವುಗಳನ್ನು ತಳ್ಳಿಹಾಕುವ ಆದೇಶಗಳು ಹಲವು ಬಾರಿ ನಾಲ್ಕೈದು ಸಾಲು ಮೀರುವುದಿಲ್ಲ. ಬಾಗಿಲು ಕಿರಿದಾಗಿಯೇ ಇರಲಿ. ಆದರೆ ತಟ್ಟಿದವನಿಗೆ ಅದು ಏಕೆ ತೆರೆಯಲಿಲ್ಲ ಎಂಬ ಕಾರಣವಾದರೂ ತಿಳಿಯಬೇಕು. ತೀರ್ಪಿನ ಮೇಲಿನ ನಂಬಿಕೆ ಉಳಿಯುವುದು ಅದರಿಂದಲೇ.