ಹೊಡೆತ ತಿಂದವಳ ಕೆಲಸವನ್ನೂ ಕಿತ್ತುಕೊಳ್ಳಬೇಡಿ

ನಮ್ಮ ಮದ್ರಸಕ್ಕೆ ಬರುವ ಹುಡುಗನೊಬ್ಬನ ಉಮ್ಮ ಪೇಟೆಯ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದರು. ಒಂದು ದಿನ ಗಂಡ ಅಂಗಡಿಗೇ ಬಂದು, ಗಿರಾಕಿಗಳ ಎದುರೇ ಬೈದು, ಸಂಬಳದ ಹಣ ಕೊಡು ಎಂದು ಗಲಾಟೆ ಮಾಡಿದ. ಮಾಲಕರು ಅವನನ್ನು ಹೊರಗೆ ಕಳಿಸಿದರು. ಮರುದಿನ ಆಕೆಗೂ ಹೇಳಿದರು: 'ಮನೆ ವಿಷಯ ಸರಿ ಮಾಡಿಕೊಂಡು ಬನ್ನಿ.' ಹೊಡೆದವನಿಗೆ ಏನೂ ಆಗಲಿಲ್ಲ. ಹೊಡೆತ ತಿಂದವರ ಕೆಲಸ ಹೋಯಿತು.

ಮಾಲಕರನ್ನು ಮಾತ್ರ ದೂರಿದರೆ ಸಾಲದು. ಅದಕ್ಕೂ ಮೊದಲು ಆಕೆ ನಮ್ಮ ಬಳಿ ಬಂದಿದ್ದರು. 'ಸ್ವಲ್ಪ ಸಬ್ರ್ ಮಾಡಿ' ಎಂದು ಕಳಿಸಿಬಿಟ್ಟವರು ನಾವೇ. ಸಬ್ರ್ ಎಂದರೆ ಪೆಟ್ಟು ತಿನ್ನುತ್ತಾ ಸುಮ್ಮನಿರುವುದಲ್ಲ ಎಂದು ಮಕ್ಕಳಿಗೆ ಕಲಿಸುವ ನಮಗೆ ಆ ಹೊತ್ತಿಗೆ ಅದು ನೆನಪಾಗಲಿಲ್ಲ.

ಇಂದು ನಮ್ಮ ಹೆಣ್ಣುಮಕ್ಕಳು ಶಾಲೆ, ಆಸ್ಪತ್ರೆ, ಅಂಗಡಿ, ಗೇರುಬೀಜದ ಕಾರ್ಖಾನೆಗಳಲ್ಲಿ ದುಡಿಯುತ್ತಾರೆ. ಮನೆಯಲ್ಲೇ ಕುಳಿತು ಬೀಡಿ ಕಟ್ಟುವವರೂ ಇದ್ದಾರೆ. ಹಿಂಸೆ ಇರುವ ಮನೆಯ ಹೆಣ್ಣಿಗೆ ಕೆಲಸ ಎಂದರೆ ಬರೀ ಸಂಬಳವಲ್ಲ. ದಿನಕ್ಕೆ ಎಂಟು ಗಂಟೆ ಉಸಿರಾಡುವ ಜಾಗ, ನಾಳೆ ಮಕ್ಕಳನ್ನು ಕರೆದುಕೊಂಡು ಹೊರಡಬೇಕಾಗಿ ಬಂದರೆ ಕೈಯಲ್ಲಿರುವ ನಾಲ್ಕು ಕಾಸು. ಅದನ್ನೇ ಕಿತ್ತುಕೊಂಡರೆ ಉಳಿಯುವುದು ಅದೇ ಮನೆ, ಅದೇ ಕೈ.

'ಮನೆ ಜಗಳಕ್ಕೆ ನಾವ್ಯಾಕೆ ತಲೆ ಹಾಕಬೇಕು?' ಎಂದು ಕೇಳುವವರಿದ್ದಾರೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದನ್ನು ಖಾಸಗಿ ಜಗಳ ಎಂದು ಬಿಟ್ಟುಬಿಟ್ಟಿಲ್ಲ. ಆಕೆ ಕೆಲಸ ಮಾಡುವ ಜಾಗಕ್ಕೆ ಗಂಡ ಕಾಲಿಡಬಾರದು ಎಂದು ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದು. ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣ ಇರುವ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ನಿಲ್ಲುವುದಿಲ್ಲ.

ನ್ಯೂಝಿಲೆಂಡ್‌ನಲ್ಲಿ 2019ರಿಂದ ಇಂಥ ನೌಕರರಿಗೆ ವರ್ಷಕ್ಕೆ ಹತ್ತು ದಿನ ಸಂಬಳ ಸಹಿತ ರಜೆ ಇದೆ. ಫಿಲಿಪ್ಪೀನ್ಸ್‌ನಲ್ಲಿ 2004ರ ಕಾನೂನೇ ಮಹಿಳೆಯರಿಗೆ ಹತ್ತು ದಿನದವರೆಗೆ ಕೊಡುತ್ತದೆ. ನಮ್ಮ ದೇಶದಲ್ಲಿ ಅಂಥ ರಜೆಯ ಕಾನೂನಿಲ್ಲ. ಆದರೆ ಕೊಡಬೇಡಿ ಎಂದು ಯಾವ ಕಾನೂನೂ ಹೇಳಿಲ್ಲವಲ್ಲ!

ಸಣ್ಣ ಅಂಗಡಿಯವರಿಗೂ ಆಗುವ ಕೆಲಸಗಳಿವೆ. ಕೋರ್ಟಿಗೆ, ಆಸ್ಪತ್ರೆಗೆ ಹೋಗುವ ದಿನ ಸಂಬಳ ಕಡಿಯಬೇಡಿ. ಬಾಗಿಲ ಬಳಿಯ ಕೌಂಟರ್‌ನಿಂದ ಒಳಗೆ ಕೆಲಸ ಬದಲಿಸಿ ಕೊಡಿ. ಆಕೆ ಎಷ್ಟು ಹೊತ್ತಿಗೆ ಹೊರಟರು ಎಂದು ಫೋನಿನಲ್ಲಿ ಯಾರಿಗೂ ಹೇಳಬೇಡಿ. ಸಂಬಳ ಆಕೆಯ ಸ್ವಂತ ಖಾತೆಗೇ ಹಾಕಿ. ಬೀಡಿ ಬ್ರಾಂಚಿನವರೂ ಅಷ್ಟೇ, ಆಕೆ ಕಟ್ಟಿದ ಬೀಡಿಯ ಮಜೂರಿಯನ್ನು ಗಂಡನ ಕೈಗೆ ಕೊಡಬೇಡಿ. ಹೆಣ್ಣಿನ ದುಡಿಮೆ ಹೆಣ್ಣಿನದೇ ಎಂಬುದು ನಮ್ಮ ದೀನ್ ಕಲಿಸಿದ್ದು. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಇವೆರಡನ್ನು ಹೆಂಗಸರು ಊಟ ಮಾಡುವ ಕೋಣೆಯ ಗೋಡೆಗೆ ಅಂಟಿಸಿ. ಆದರೆ ಆಕೆಗೆ ಹೇಳದೆ, ಕೇಳದೆ ಗಂಡನನ್ನು ಕರೆಸಿ ಪಂಚಾಯ್ತಿ ಮಾಡಲು ಹೋಗಬೇಡಿ. ಅದರ ಪೆಟ್ಟು ರಾತ್ರಿ ಆಕೆಗೇ ಬೀಳುತ್ತದೆ.

ಪ್ರವಾದಿಯವರು(ಸ.ಅ.) ಪತ್ನಿಯರ ಮೇಲಾಗಲಿ, ಸೇವಕರ ಮೇಲಾಗಲಿ ಎಂದೂ ಕೈ ಎತ್ತಲಿಲ್ಲ ಎಂದು ನಾವು ಮಿಂಬರ್‌ನಿಂದ ಹೇಳುತ್ತೇವೆ. ಜಮಾಅತ್ ಕಮಿಟಿಯಲ್ಲಿರುವ ಎಷ್ಟೋ ಮಂದಿ ಅಂಗಡಿ, ಹೋಟೆಲ್, ಶಾಲೆ ನಡೆಸುವವರೇ. ಆ ಮಾತು ಮಿಂಬರ್‌ನಿಂದ ಇಳಿದು ಅವರ ಅಂಗಡಿಯ ಬಾಗಿಲಿಗೂ ಬರಲಿ.

ಆ ಹುಡುಗ ಈಗಲೂ ಪಾಠಕ್ಕೆ ಬರುತ್ತಾನೆ. ಅವನ ಉಮ್ಮನಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ಈ ಸಲ ಸಬ್ರ್ ಮಾಡಿ ಎಂದು ನಾವು ಹೇಳುವುದಿಲ್ಲ. ಕೆಲಸ ಕೊಡುವವರನ್ನು ಹುಡುಕುತ್ತಿದ್ದೇವೆ.