ಥೋರೋ ಮತ್ತು ತೊಣ್ಣೂರು ಕೆರೆ

ತೊಣ್ಣೂರು ಕೆರೆಗೆ ಹೋಗಿಬಂದ ಸಾಫ್ಟ್‌ವೇರ್ ಗೆಳೆಯರದ್ದೆಲ್ಲ ಒಂದೇ ಮಾತು: "ಇಲ್ಲೇ ಎರಡು ಎಕರೆ ತಗೊಂಡು ಥೋರೋ ಥರ ಇದ್ದುಬಿಡಬೇಕು ಮಗಾ." ನನಗಂತೂ ನಗು ಬರುತ್ತೆ.

ಹೆನ್ರಿ ಡೇವಿಡ್ ಥೋರೋ ಜಾಗ ಕೊಳ್ಳಲೇ ಇಲ್ಲ ಸ್ವಾಮಿ! 1845ರ ಜುಲೈ 4ರಂದು ವಾಲ್ಡನ್ ಕೊಳದ ಹತ್ತಿರ ಅವನು ಬಿಡಾರ ಹೂಡಿದ್ದು ಗೆಳೆಯ ಎಮರ್ಸನ್‌ನ ಜಮೀನಿನಲ್ಲಿ. ತಾನೇ ಕಟ್ಟಿದ ಒಂದು ಕೋಣೆಯ ಮನೆಗೆ ಆದ ಖರ್ಚು 28 ಡಾಲರ್ ಹನ್ನೆರಡೂವರೆ ಸೆಂಟ್. ಮೊಳೆಯ ಲೆಕ್ಕವನ್ನೂ ಬರೆದಿಟ್ಟಿದ್ದಾನೆ. ಕೊಳಕ್ಕೆ ತಳವೇ ಇಲ್ಲ ಅಂತ ಜನ ಹೇಳುತ್ತಿದ್ದರೆ, ಈತ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, 102 ಅಡಿ ಅಂದ. (ಇಂಜಿನಿಯರುಗಳಿಗೆ ಇಷ್ಟವಾಗಬೇಕಾದ ಥೋರೋ ಇವನು :)) ಅವನೇನು ಊರು ಬಿಟ್ಟು ಓಡಿಹೋದವನೂ ಅಲ್ಲ. ಕಾಂಕರ್ಡ್ ನಡೆದು ಹೋಗುವಷ್ಟೇ ದೂರ. ಗುಲಾಮಗಿರಿಯನ್ನು ಒಪ್ಪಿದ ಸರ್ಕಾರಕ್ಕೆ ತೆರಿಗೆ ಕೊಡಲ್ಲ ಅಂತ 1846ರಲ್ಲಿ ಒಂದು ರಾತ್ರಿ ಜೈಲಿನಲ್ಲಿ ಕಳೆದದ್ದೂ ವಾಲ್ಡನ್ ವಾಸದ ನಡುವೆಯೇ. ಎರಡು ವರ್ಷ ಎರಡು ತಿಂಗಳಾದ ಮೇಲೆ ಅಲ್ಲಿಂದ ಎದ್ದು ಹೊರಟ.

ತೊಣ್ಣೂರಿನದು ರಾಮಾನುಜಾಚಾರ್ಯರ ಹೆಸರಿನೊಂದಿಗೆ ಬೆಸೆದುಕೊಂಡಿರುವ, ಗದ್ದೆಗೆ ನೀರುಣಿಸುವ ಕೆರೆ. ಅದರ ಪಕ್ಕ ಕಾಂಪೌಂಡ್ ಎಬ್ಬಿಸಿ, ಗೇಟಿಗೆ ಬೀಗ ಜಡಿದು, ವಾರಾಂತ್ಯಕ್ಕೆ ಕಾರಿನಲ್ಲಿ ಬಂದುಹೋದರೆ ಅದು ಫಾರ್ಮ್‌ಹೌಸ್ ಅಷ್ಟೇ.

ಥೋರೋನ ಅಸಹಕಾರದ ಪ್ರಬಂಧವನ್ನು ಗಾಂಧೀಜಿ ಮೆಚ್ಚಿದ್ದರು. ಆ ಗಾಂಧಿ ದಾರಿಯ ಬದುಕು ನೋಡಬೇಕಿದ್ದರೆ ತೊಣ್ಣೂರಿನಿಂದ ಪಕ್ಕದ ಮೇಲುಕೋಟೆಗೆ ಹೋಗಿ. ಜಯಪ್ರಕಾಶ ನಾರಾಯಣರ ಕಾರ್ಯದರ್ಶಿಯಾಗಿದ್ದ ಸುರೇಂದ್ರ ಕೌಲಗಿಯವರು 1960ರಲ್ಲಿ ಅಲ್ಲಿ ಜನಪದ ಸೇವಾ ಟ್ರಸ್ಟ್ ಶುರುಮಾಡಿದರು. ಅಂಗವಿಕಲ ಮಕ್ಕಳ ಆರೈಕೆ, ಖಾದಿ ಮಗ್ಗ... ಎಲ್ಲಾ ಊರ ಜನರ ನಡುವೆಯೇ.